ಗ್ಯಾಸ್ಟ್ರಿಕ್‌ಗೆ ಮಾತ್ರೆಯೋ, ಟೆಸ್ಟೋ, ಎಂಡೋಸ್ಕೋಪಿಯೋ? ಯಾವುದು ಮೊದಲು ಅನ್ನುವುದೇ ಮುಖ್ಯ

ಸಂಜೆ ಏಳರ ಹೊತ್ತಿಗೆ ಯಾವ ಊರಿನ ಮೆಡಿಕಲ್ ಶಾಪಿನ ಮುಂದೆ ನಿಂತರೂ ಈ ಮಾತು ಕೇಳಿಸುತ್ತದೆ. "ಒಂದು ಗ್ಯಾಸ್ಟ್ರಿಕ್ ಮಾತ್ರೆ ಕೊಡಿ." ಅಂಗಡಿಯವರು ಸ್ಟ್ರಿಪ್ ಕತ್ತರಿಸಿ ಕೊಡುತ್ತಾರೆ. ಎದೆ ಉರಿದರೂ ಗ್ಯಾಸ್ಟ್ರಿಕ್, ಹೊಟ್ಟೆ ಉಬ್ಬಿದರೂ ಗ್ಯಾಸ್ಟ್ರಿಕ್, ತಲೆ ಸುತ್ತಿದರೂ ಬೆನ್ನು ಹಿಡಿದರೂ ಗ್ಯಾಸ್ಟ್ರಿಕ್. ಇದು ನಮ್ಮ ಮನೆಮಾತು. ಆದರೆ ಕಾಯಿಲೆಯ ಹೆಸರಲ್ಲ. ಈ ಒಂದೇ ಮಾತಿನ ಕೆಳಗೆ ಅನ್ನನಾಳದ ಎದೆಯುರಿ, ಜಠರದ ಹುಣ್ಣು, ಪಿತ್ತಕೋಶದ ಕಲ್ಲು, ಕರುಳಿನ ತೊಂದರೆ, ಒಮ್ಮೊಮ್ಮೆ ಹೃದಯಾಘಾತ ಕೂಡ ಅಡಗಿ ಕೂತಿರುತ್ತದೆ.

ತಿಂಗಳುಗಟ್ಟಲೆ ಹೊಟ್ಟೆ ತೊಂದರೆ ಇರುವವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಸಿರಪ್ ಕುಡಿದುಕೊಂಡು ಇರಲಾ? ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆ ಶುರು ಮಾಡಲಾ? ಜಠರದಲ್ಲಿ ಹುಣ್ಣು ತರುವ ಪೈಲೋರಿ ಬ್ಯಾಕ್ಟೀರಿಯಾ ಇದೆಯಾ ಅಂತ ಟೆಸ್ಟ್ ಮಾಡಿಸಲಾ? ಸ್ಕ್ಯಾನ್ ಸಾಕಾ, ಇಲ್ಲಾ ಬಾಯಿಂದ ಕೊಳವೆ ಬಿಟ್ಟು ಒಳಗೆ ನೋಡುವ ಎಂಡೋಸ್ಕೋಪಿಗೇ ಹೋಗಲಾ? ನಾನು ಡಾಕ್ಟರ್ ಅಲ್ಲ. ಆದರೆ ನಮ್ಮಪ್ಪನ ಜೊತೆ ನಾಲ್ಕು ವರ್ಷ ಈ ಪ್ರಶ್ನೆಗಳ ಹಿಂದೆ ಅಲೆದಿದ್ದೇನೆ. ಅದರಲ್ಲಿ ಕಲಿತ ಒಂದು ವಿಷಯ ಇಡೀ ಹೋಲಿಕೆಗೆ ಬೇರಿನಂತಿದೆ. ನಾವು ಮೊದಲು ನುಂಗುವ ಮಾತ್ರೆ, ಆಮೇಲೆ ಮಾಡಿಸುವ ಟೆಸ್ಟನ್ನು ಕೆಡಿಸಬಹುದು. ಹಾಗಾಗಿ ಏನು ಆರಿಸುತ್ತೇವೆ ಅನ್ನುವಷ್ಟೇ, ಯಾವುದನ್ನು ಮೊದಲು ಆರಿಸುತ್ತೇವೆ ಅನ್ನುವುದೂ ಮುಖ್ಯ.

ಮೊದಲು ಇದನ್ನು ಪಕ್ಕಕ್ಕೆ ಇಡಿ

ಹೋಲಿಕೆಗೆ ಇಳಿಯುವ ಮುಂಚೆ ಒಂದು ವಿಷಯದಲ್ಲಿ ಆಯ್ಕೆಯೇ ಇಲ್ಲ. ಎದೆಯ ನಡುವೆ ಭಾರ, ಹಿಂಡಿದ ಹಾಗೆ, ಜೊತೆಗೆ ಬೆವರು, ಉಸಿರು ಕಟ್ಟುವುದು, ನೋವು ಎಡಗೈಗೋ ದವಡೆಗೋ ಹರಿಯುವುದು ಇದ್ದರೆ ಈನೋ ಕುಡಿದು ಕಾಯಬೇಡಿ. ತೇಗು ಬಂದು ಸ್ವಲ್ಪ ಹಗುರಾಯಿತು ಅಂದರೆ ಹೃದಯ ಸರಿಯಿದೆ ಅಂತ ಅರ್ಥವಲ್ಲ. ಸಕ್ಕರೆ ಕಾಯಿಲೆ ಇರುವವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಹೃದಯಾಘಾತ ಬರೀ ಹೊಟ್ಟೆ ತೊಳಸಿದ ಹಾಗೆ, ಅಜೀರ್ಣದ ಹಾಗೆ ಕಾಣಿಸಿಕೊಳ್ಳಬಹುದು. ಒಂದು ಇಸಿಜಿಗೆ ಹತ್ತು ನಿಮಿಷ ಸಾಕು. ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ತಜ್ಞರಿಗೆ ಕಳಿಸುವ ವ್ಯವಸ್ಥೆ ಬಂದಿದೆ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲಿ ಉಚಿತ. ದೂರದ ದೊಡ್ಡ ಊರಿಗೆ ಕಾರು ಹುಡುಕುವ ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆ ನೆನಪಾಗಲಿ.

ಇನ್ನು ಕೆಲವು ಲಕ್ಷಣ ಕಂಡರೆ ಮನೆಯಲ್ಲಿ ಮಾತ್ರೆ ನುಂಗುತ್ತಾ ಕೂರುವ ಹಾಗಿಲ್ಲ. ಗೊತ್ತಿಲ್ಲದೆ ತೂಕ ಇಳಿಯುವುದು, ಅನ್ನ ಗಂಟಲಲ್ಲೋ ಎದೆಯಲ್ಲೋ ಸಿಕ್ಕಿಕೊಂಡಂತಾಗುವುದು, ಮತ್ತೆ ಮತ್ತೆ ವಾಂತಿ, ರಕ್ತ ಟೆಸ್ಟಿನಲ್ಲಿ ಹಿಮೋಗ್ಲೋಬಿನ್ ಇಳಿದಿರುವುದು. ರಕ್ತ ವಾಂತಿಯಾದರೆ, ಇಲ್ಲವೇ ಮಲ ಡಾಂಬರಿನ ಹಾಗೆ ಕಪ್ಪಗೆ ಜಿಗುಟಾಗಿ ಹೋದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಕಬ್ಬಿಣದ ಮಾತ್ರೆ ನುಂಗುವವರಿಗೂ ಮಲ ಕಪ್ಪಾಗುತ್ತದೆ, ನಿಜ. ಆದರೆ ಅದು ಅದೇನಾ ಅಂತ ತೀರ್ಮಾನಿಸುವ ಕೆಲಸ ಡಾಕ್ಟರಿಗೆ ಬಿಡಿ.

ಯಾವ ಅಳತೆಗೋಲು ಇಟ್ಟುಕೊಂಡು ತೂಗಬೇಕು

ಮೊದಲನೆಯದು, ತೊಂದರೆ ಎಲ್ಲಿ, ಯಾವಾಗ. ಎದೆಗೂಡಿನ ಮೂಳೆಯ ಹಿಂದೆ ಉರಿದು ಹುಳಿತೇಗು ಬಾಯಿಗೆ ಬಂದರೆ, ಮಲಗಿದಾಗ ಜಾಸ್ತಿಯಾದರೆ, ಅದು ಆಮ್ಲ ಅನ್ನನಾಳಕ್ಕೆ ಮೇಲೆ ಬರುವ ತೊಂದರೆ. ಹೊಕ್ಕುಳಿನ ಮೇಲೆ, ಎದೆಗೂಡಿನ ಕೆಳಗೆ ಕೊರೆದ ಹಾಗೆ ನೋವಿದ್ದು, ಖಾಲಿ ಹೊಟ್ಟೆಯಲ್ಲೋ ಮಧ್ಯರಾತ್ರಿಯಲ್ಲೋ ಎಬ್ಬಿಸಿ, ಏನಾದರೂ ತಿಂದರೆ ತಗ್ಗಿದರೆ ಹುಣ್ಣಿನ ಅನುಮಾನ. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದ ಹಾಗಾಗುವುದು ಇನ್ನೊಂದು ಬಗೆ. ಉಬ್ಬರದ ಜೊತೆ ಮಲದ ರೀತಿ ಬದಲಾಗಿ, ಕಕ್ಕಸಿಗೆ ಹೋದಾಗ ನೋವಿನಲ್ಲಿ ಏರುಪೇರಾದರೆ ಕರುಳಿನ ಕಡೆ ನೋಡಬೇಕು. ಹಾಲು ಕುಡಿದ ದಿನ ಮಾತ್ರ ಗುಡುಗುಡು ಅಂದರೆ, ಒಂದೆರಡು ವಾರ ಹಾಲು ಬಿಟ್ಟು ನೋಡಿದರೆ ಉತ್ತರ ಪುಕ್ಕಟೆ ಸಿಗುತ್ತದೆ. ಬಲಪಕ್ಕೆಯ ಕೆಳಗೆ, ಎಣ್ಣೆ ಪದಾರ್ಥ ಉಂಡ ಮೇಲೆ ಅರ್ಧ ಗಂಟೆಯಿಂದ ಕೆಲವು ಗಂಟೆ ಹಿಡಿದುಕೊಳ್ಳುವ ನೋವು, ಬಲಭುಜಕ್ಕೆ ಹರಿದರೆ ಪಿತ್ತಕೋಶ.

ಎರಡನೆಯದು ವಯಸ್ಸು. ಅಮೆರಿಕದ ಹೊಟ್ಟೆತಜ್ಞರ 2017ರ ಮಾರ್ಗಸೂಚಿ 60 ದಾಟಿದವರಿಗೆ ಅಜೀರ್ಣ ಕಾಣಿಸಿಕೊಂಡರೆ ಎಂಡೋಸ್ಕೋಪಿ ಮಾಡಿ ಅನ್ನುತ್ತದೆ. ನಮ್ಮಲ್ಲಿ ಅನೇಕ ವೈದ್ಯರು ಇನ್ನೂ ಮುಂಚೆ, 45ರಿಂದ 50ರ ಆಸುಪಾಸಿನಲ್ಲೇ ಹೊಸದಾಗಿ ತೊಂದರೆ ಶುರುವಾದರೆ ಒಮ್ಮೆ ನೋಡಿಬಿಡೋಣ ಅನ್ನುತ್ತಾರೆ.

ಮೂರನೆಯದನ್ನು ನಾವೆಲ್ಲ ಮರೆಯುತ್ತೇವೆ. ಬೇರೆ ಯಾವ ಮಾತ್ರೆ ನುಂಗುತ್ತಿದ್ದೀರಿ? ಮಂಡಿನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್, ಹೃದಯಕ್ಕೆ ಆಸ್ಪಿರಿನ್. ಹುಣ್ಣಿಗೆ ದೊಡ್ಡ ಕಾರಣ ಎರಡು. ಒಂದು ಪೈಲೋರಿ ಬ್ಯಾಕ್ಟೀರಿಯಾ, ಇನ್ನೊಂದು ಈ ನೋವಿನ ಮಾತ್ರೆಗಳು. ಮೆಣಸಿನಕಾಯಿಯನ್ನು ಬೈದುಕೊಂಡು ಡೈಕ್ಲೋಫೆನಾಕ್ ಮುಂದುವರಿಸಿದರೆ ಏನು ಪ್ರಯೋಜನ?

ಆಮೇಲೆ ಹಣ, ದೂರ, ರಜೆ. ಕೊನೆಯದು ಆಗಲೇ ಹೇಳಿದ್ದು: ಇವತ್ತಿನ ಆಯ್ಕೆ ನಾಳೆಯ ಟೆಸ್ಟಿಗೆ ಅಡ್ಡ ಬರುತ್ತದೆಯಾ?

ಸಿರಪ್ ಮತ್ತು ಪುಡಿ: ಬೇಗ, ಅಗ್ಗ, ಆದರೆ ಬರೀ ಗಂಟೆ ಲೆಕ್ಕ

ಡೈಜಿನ್, ಜೆಲುಸಿಲ್‌ನಂಥ ಸಿರಪ್ಪುಗಳು ಹುಟ್ಟಿದ ಆಮ್ಲವನ್ನು ಅಲ್ಲೇ ತಟಸ್ಥ ಮಾಡುತ್ತವೆ. ಕೆಲವು ನಿಮಿಷದಲ್ಲೇ ಆರಾಮ. ಖಾಲಿ ಹೊಟ್ಟೆಯಲ್ಲಿ ಕುಡಿದರೆ ಒಂದು ಗಂಟೆಯೊಳಗೆ ಮುಗಿಯುತ್ತದೆ, ಊಟದ ಮೇಲೆ ಕುಡಿದರೆ ಎರಡು ಮೂರು ಗಂಟೆ ನಿಲ್ಲುತ್ತದೆ. ಮದುವೆ ಊಟ ಜಾಸ್ತಿಯಾದ ರಾತ್ರಿಗೆ, ತಿಂಗಳಿಗೊಮ್ಮೆ ಎರಡು ಸಲ ಬರುವ ಉರಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಓಮದ ನೀರು, ಜೀರಿಗೆ ಕಷಾಯ ಕುಡಿದು ಹಿತವಾದರೆ ಕುಡಿಯಿರಿ, ತೊಂದರೆಯಿಲ್ಲ. ತಣ್ಣನೆ ಹಾಲು ಮಾತ್ರ ಮೋಸ ಮಾಡುತ್ತದೆ. ಮೊದಲು ತಂಪು ಅನಿಸಿ, ಆಮೇಲೆ ಅದರ ಕ್ಯಾಲ್ಸಿಯಂ, ಪ್ರೊಟೀನ್ ಜಠರವನ್ನು ಕೆರಳಿಸಿ ಮತ್ತೆ ಆಮ್ಲ ಸುರಿಸುತ್ತವೆ.

ಇವುಗಳಲ್ಲೂ ನೋಡಿಕೊಳ್ಳಬೇಕಾದ್ದಿದೆ. ಅಲ್ಯೂಮಿನಿಯಂ ಇರುವುದು ಮಲ ಕಟ್ಟಿಸುತ್ತದೆ, ಮೆಗ್ನೀಸಿಯಂ ಇರುವುದು ಸಡಿಲ ಮಾಡುತ್ತದೆ. ಈನೋದಂಥ ಸೋಡಾ ಪುಡಿಯಲ್ಲಿ ಸೋಡಿಯಂ ಜಾಸ್ತಿ. ಬಿಪಿ, ಹೃದಯ ಅಥವಾ ಕಿಡ್ನಿ ತೊಂದರೆ ಇರುವವರಿಗೆ ದಿನಾ ಪೊಟ್ಟಣ ಕುಡಿಯುವುದು ಒಳ್ಳೆಯದಲ್ಲ. ಥೈರಾಯ್ಡ್ ಮಾತ್ರೆ ನುಂಗುವವರು ನಾಲ್ಕು ಗಂಟೆ ಅಂತರ ಇಟ್ಟುಕೊಳ್ಳಬೇಕು. ವಾರಕ್ಕೆ ಎರಡು ಮೂರು ಸಲಕ್ಕಿಂತ ಹೆಚ್ಚು ಬಾಟಲಿ ಮುಟ್ಟುತ್ತಿದ್ದರೆ ಸಿರಪ್ ಸಾಲುತ್ತಿಲ್ಲ ಅಂತ ಅರ್ಥ. ಒಂದು ದೊಡ್ಡ ಅನುಕೂಲ ಮಾತ್ರ ಮರೆಯಬೇಡಿ. ಪೈಲೋರಿ ಟೆಸ್ಟಿಗೆ ಮುಂಚೆ ಪ್ಯಾಂಟೊಪ್ರಜೋಲ್‌ನಂಥ ಜೋರು ಮಾತ್ರೆ ನಿಲ್ಲಿಸಬೇಕಾದಾಗ, ನಡುವಿನ ದಿನಗಳನ್ನು ದಾಟಿಸುವುದು ಇದೇ ಸಿರಪ್.

ಫ್ಯಾಮೊಟಿಡಿನ್: ನಡುವಿನ ಮೆಟ್ಟಿಲು

ಇದು ಆಮ್ಲ ಹುಟ್ಟುವುದನ್ನೇ ಕಡಿಮೆ ಮಾಡುತ್ತದೆ. ನುಂಗಿದ ಸುಮಾರು ಒಂದು ಗಂಟೆಯಲ್ಲಿ ಶುರುವಾಗಿ ಹತ್ತು ಹನ್ನೆರಡು ಗಂಟೆ ಇರುತ್ತದೆ. ರಾತ್ರಿ ಮಾತ್ರ ಕಾಡುವ ಉರಿಗೆ ಚೆನ್ನಾಗಿ ಒಗ್ಗುತ್ತದೆ. ದಿನಾ ನುಂಗಿದರೆ ಒಂದೆರಡು ವಾರದಲ್ಲಿ ದೇಹ ಒಗ್ಗಿಕೊಂಡು ಪರಿಣಾಮ ತಗ್ಗುತ್ತದೆ, ಅದೇ ಇದರ ಕೊರತೆ. ಕಿಡ್ನಿ ತೊಂದರೆ ಇದ್ದವರಿಗೆ ಡೋಸ್ ಕಡಿಮೆ ಮಾಡಬೇಕು.

ಇದೇ ಗುಂಪಿನ ರಾನಿಟಿಡಿನ್ ನಮ್ಮ ಅಜ್ಜಂದಿರ ಕಾಲದಿಂದ ಮನೆಮಾತ್ರೆ. ಅದರಲ್ಲಿ ಎನ್‌ಡಿಎಂಎ ಅನ್ನುವ, ಕ್ಯಾನ್ಸರ್ ತರಬಲ್ಲ ಕಲ್ಮಶ ಹುಟ್ಟುತ್ತದೆ ಅಂತ ಕಂಡು ಅಮೆರಿಕ 2020ರ ಏಪ್ರಿಲ್‌ನಲ್ಲಿ ಮಾರುಕಟ್ಟೆಯಿಂದಲೇ ತೆಗೆಸಿತು. ಭಾರತದ 2022ರ ಅಗತ್ಯ ಔಷಧಿಗಳ ಪಟ್ಟಿಯಿಂದಲೂ ಅದನ್ನು ಕೈಬಿಟ್ಟರು. ಫ್ಯಾಮೊಟಿಡಿನ್ ಸಿಗುವಾಗ ರಾನಿಟಿಡಿನ್ ಆರಿಸಲು ನನಗೆ ಕಾರಣ ಕಾಣುವುದಿಲ್ಲ.

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್: ಶಕ್ತಿ ದೊಡ್ಡದು, ಜವಾಬ್ದಾರಿಯೂ

ನಮ್ಮಪ್ಪನ ತಿಂಡಿ ತಟ್ಟೆಯ ಪಕ್ಕ ಒಂದು ಸ್ಟೀಲ್ ಡಬ್ಬಿ ಇರುತ್ತಿತ್ತು. ಇಡ್ಲಿ ತಿಂದು, ಕಾಫಿ ಕುಡಿದು, ಆಮೇಲೆ ಡಬ್ಬಿ ತೆರೆದು ಹಳದಿ ಮಾತ್ರೆ ನುಂಗುತ್ತಿದ್ದರು. ನಾಲ್ಕು ವರ್ಷ ಹಾಗೇ. ಅದು ತಪ್ಪು ಹೊತ್ತು ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ. ಜಠರದ ಗೋಡೆಯಲ್ಲಿ ಆಮ್ಲ ಸುರಿಸುವ ಸಣ್ಣ ಸಣ್ಣ ಪಂಪುಗಳಿವೆ. ಊಟ ಬಂದಾಗ ಅವು ಎಚ್ಚರಗೊಳ್ಳುತ್ತವೆ. ಈ ಮಾತ್ರೆ ಎಚ್ಚರಗೊಂಡ ಪಂಪನ್ನು ಮಾತ್ರ ಹಿಡಿದು ಮುಚ್ಚುತ್ತದೆ. ಹಾಗಾಗಿ ತಿಂಡಿಗೆ ಅರ್ಧದಿಂದ ಒಂದು ಗಂಟೆ ಮುಂಚೆಯೇ ಅದು ರಕ್ತದಲ್ಲಿ ತಯಾರಾಗಿರಬೇಕು. ಉಂಡ ಮೇಲೆ ನುಂಗಿದರೆ ಅರ್ಧ ಶಕ್ತಿ ಸುಮ್ನೆ ಹೋದಂತೆ. ಮಾತ್ರೆಯನ್ನು ಕುಟ್ಟಿ ಪುಡಿ ಮಾಡಲೂ ಬಾರದು. ಆಮ್ಲ ತಾಗಿದರೆ ಔಷಧಿಯೇ ಕೆಡುತ್ತದೆ ಅಂತ ಮೇಲೆ ಲೇಪ ಹಾಕಿರುತ್ತಾರೆ.

ಹುಣ್ಣು ಒಣಗಿಸಲು, ಅನ್ನನಾಳದ ಗಾಯ ಮಾಯಲು, ಆಸ್ಪಿರಿನ್ ಬಿಡಲಾಗದ ವಯಸ್ಸಾದವರ ಜಠರ ಕಾಯಲು ಇದಕ್ಕಿಂತ ಒಳ್ಳೆಯ ಮಾತ್ರೆ ಕಡಿಮೆ. ಸಾಮಾನ್ಯವಾಗಿ 4ರಿಂದ 8 ವಾರದ ಕೋರ್ಸ್. ಪೂರ್ತಿ ಪರಿಣಾಮಕ್ಕೆ ಕೆಲವು ದಿನ ಬೇಕು. ಆದ್ದರಿಂದ ಉರಿ ಬಂದಾಗ ಒಂದು, ಬಿಟ್ಟಾಗ ಇಲ್ಲ ಅನ್ನುವ ಲೆಕ್ಕಕ್ಕೆ ಇದು ಒಗ್ಗುವುದಿಲ್ಲ. ಆ ಕೆಲಸ ಸಿರಪ್ಪಿನದು.

ತೊಂದರೆ ಶುರುವಾಗುವುದು ಎಂಟು ವಾರ ಎಂಟು ವರ್ಷವಾದಾಗ. ದೀರ್ಘಕಾಲ ನುಂಗುವವರಲ್ಲಿ ವಿಟಮಿನ್ ಬಿ12, ಮೆಗ್ನೀಸಿಯಂ, ಕಬ್ಬಿಣ ಕಡಿಮೆಯಾಗುವುದು, ಮೂಳೆ ಮುರಿತ, ಕರುಳಿನ ಸೋಂಕು ಸ್ವಲ್ಪ ಹೆಚ್ಚಿರುವುದು ಅಧ್ಯಯನಗಳಲ್ಲಿ ಕಂಡಿದೆ. ಹೆದರಿ ತಕ್ಷಣ ಬಿಡುವಷ್ಟಲ್ಲ, ಆದರೆ ಕಾರಣವಿಲ್ಲದೆ ಮುಂದುವರಿಸುವಷ್ಟೂ ಅಲ್ಲ. ಸಸ್ಯಾಹಾರಿಗಳಿಗೆ ಬಿ12 ಮೊದಲೇ ಕಡಿಮೆ ಇರುವ ಸಂಭವ ಹೆಚ್ಚು. ವರ್ಷಗಟ್ಟಲೆ ನುಂಗುತ್ತಿದ್ದರೆ ಒಮ್ಮೆ ಬಿ12 ಟೆಸ್ಟ್ ಮಾಡಿಸಿ ಅಂತಲೇ ನಾನು ಹೇಳುವುದು.

ಬಿಟ್ಟರೆ ಮತ್ತೆ ಉರಿ ಬರುತ್ತದೆ, ಅದಕ್ಕೇ ಬಿಡಲಾಗುತ್ತಿಲ್ಲ ಅನ್ನುವವರು ತುಂಬ ಜನ. ಇದರಲ್ಲಿ ಒಂದು ಸೂಕ್ಷ್ಮವಿದೆ. 2009ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಯಾವ ಹೊಟ್ಟೆ ತೊಂದರೆಯೂ ಇಲ್ಲದ 120 ಜನರಲ್ಲಿ ಅರ್ಧದಷ್ಟು ಜನರಿಗೆ ಎಂಟು ವಾರ ಈ ಜಾತಿಯ ಮಾತ್ರೆ ಕೊಟ್ಟು ನಿಲ್ಲಿಸಿದರು. ಉಳಿದವರಿಗೆ ಬರೀ ಹುಸಿಮಾತ್ರೆ. ಮಾತ್ರೆ ನಿಲ್ಲಿಸಿದ ಮುಂದಿನ ವಾರಗಳಲ್ಲಿ ಅಸಲಿ ಮಾತ್ರೆ ನುಂಗಿದವರಲ್ಲಿ 44% ಜನರಿಗೆ ಎದೆಯುರಿ, ಅಜೀರ್ಣ ಕಾಣಿಸಿತು. ಹುಸಿಮಾತ್ರೆಯವರಲ್ಲಿ 15% ಮಾತ್ರ. ಅಂದರೆ ಆರೋಗ್ಯವಂತರಿಗೇ ಮಾತ್ರೆ ಬಿಟ್ಟ ಮೇಲೆ ಉರಿ ಬಂತು. ಇಷ್ಟು ದಿನ ಅದುಮಿಟ್ಟ ಜಠರ ಕೆಲಕಾಲ ಜಾಸ್ತಿ ಆಮ್ಲ ಸುರಿಸುತ್ತದೆ. ಅದನ್ನು ಹಳೆ ಕಾಯಿಲೆ ವಾಪಸ್ ಬಂತು ಅಂದುಕೊಂಡು ಮತ್ತೆ ಸ್ಟ್ರಿಪ್ ಕೊಳ್ಳುತ್ತೇವೆ.

ಇನ್ನು ಪ್ಯಾಂಟೊಪ್ರಜೋಲ್ ಜೊತೆ ಡೊಂಪೆರಿಡೋನ್ ಸೇರಿಸಿದ ಮಾತ್ರೆ ನಮ್ಮಲ್ಲಿ ಬಹಳ ಓಡುತ್ತದೆ. ವಾಂತಿ, ಹೊಟ್ಟೆ ಭಾರ ಇದ್ದರೆ ಕೆಲವು ದಿನಕ್ಕೆ ಸರಿ. ಆದರೆ ಡೊಂಪೆರಿಡೋನ್ ಹೃದಯದ ಬಡಿತದ ಲಯ ತಪ್ಪಿಸಬಹುದು ಅಂತ ಯುರೋಪಿನಲ್ಲಿ 2014ರಲ್ಲೇ ಸಾಮಾನ್ಯವಾಗಿ ಒಂದು ವಾರದ ಮಿತಿ ಹಾಕಿದರು. ಬರೀ ಉರಿ ಇದ್ದರೆ ಬರೀ ಪ್ಯಾಂಟೊಪ್ರಜೋಲ್ ಸಾಕಲ್ವಾ ಅಂತ ಡಾಕ್ಟರನ್ನು ಕೇಳಿ. ಜನೌಷಧಿ ಕೇಂದ್ರದಲ್ಲಿ ಇದು ಬ್ರ್ಯಾಂಡಿನ ಬೆಲೆಗಿಂತ ಬಹಳ ಕಡಿಮೆಗೆ ಸಿಗುತ್ತದೆ. ಸ್ಟೆಂಟ್ ಹಾಕಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೊಪಿಡೊಗ್ರೆಲ್ ನುಂಗುವವರಿಗೆ ಒಮೆಪ್ರಜೋಲ್ ಬದಲು ಪ್ಯಾಂಟೊಪ್ರಜೋಲ್ ಮೇಲು.

ಪೈಲೋರಿ ಟೆಸ್ಟ್: ನಾವು ಎಡವಿದ ಜಾಗ

ಬಹಳ ಕಾಲ ಹುಣ್ಣಿಗೆ ಕಾರಣ ಚಿಂತೆ, ಖಾರ ಅಂತಲೇ ನಂಬಿದ್ದರು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್, ಬ್ಯಾರಿ ಮಾರ್ಷಲ್ ಜಠರದಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯಾ ಕಂಡರು. ಯಾರೂ ಒಪ್ಪಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾದ ದ್ರವವನ್ನು ತಾವೇ ಕುಡಿದು ಜಠರದ ಉರಿಯೂತ ತರಿಸಿಕೊಂಡು ತೋರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1994ರಲ್ಲೇ ಇದನ್ನು ಕ್ಯಾನ್ಸರ್ ತರುವ ಕಾರಣಗಳ ಮೊದಲ ಗುಂಪಿಗೆ ಸೇರಿಸಿದೆ.

ಆದರೂ ಗಾಬರಿ ಬೇಡ. ನಮ್ಮ ದೇಶದಲ್ಲಿ ದೊಡ್ಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಹೊಟ್ಟೆಯಲ್ಲಿ ಪೈಲೋರಿ ಇದೆ, ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆರಾಮಾಗಿರುವವರು ಸುಮ್ನೆ ಟೆಸ್ಟ್ ಮಾಡಿಸಬೇಕಿಲ್ಲ. ತಿಂಗಳುಗಟ್ಟಲೆ ಮೇಲ್ಹೊಟ್ಟೆ ನೋವಿದ್ದು, ಅಪಾಯದ ಲಕ್ಷಣ ಇಲ್ಲದ, ಇನ್ನೂ ವಯಸ್ಸಾಗದವರಿಗೆ ಇದು ಒಳ್ಳೆಯ ಮೊದಲ ಹೆಜ್ಜೆ.

ದಾರಿ ಮೂರು. ಮಲದ ಆಂಟಿಜೆನ್ ಟೆಸ್ಟ್, ಉಸಿರಿನ ಟೆಸ್ಟ್, ರಕ್ತದ ಆಂಟಿಬಾಡಿ ಟೆಸ್ಟ್. ರಕ್ತದ್ದು ಸುಲಭ, ಆದರೆ ಹಳೆಯ ಸೋಂಕಿಗೂ ಈಗಿನದಕ್ಕೂ ವ್ಯತ್ಯಾಸ ತೋರಿಸುವುದಿಲ್ಲ. ಚಿಕಿತ್ಸೆ ಮುಗಿದು ಬ್ಯಾಕ್ಟೀರಿಯಾ ಹೋದ ಮೇಲೂ ಪಾಸಿಟಿವ್ ಬರಬಹುದು. ಅದಕ್ಕೆ ಹಣ ಹಾಕಬೇಡಿ ಅನ್ನುವುದು ನನ್ನ ಅಭಿಪ್ರಾಯ. ಉಸಿರಿನ ಟೆಸ್ಟ್ ತುಂಬ ನಿಖರ, ಆದರೆ ಸಣ್ಣ ಊರಿನಲ್ಲಿ ಸಿಗುವುದು ಕಷ್ಟ. ಮಲದ ಟೆಸ್ಟ್ ಹೆಚ್ಚುಕಡಿಮೆ ಅಷ್ಟೇ ಒಳ್ಳೆಯದು. ಜಿಲ್ಲಾ ಕೇಂದ್ರದ ಲ್ಯಾಬ್‌ನಲ್ಲಿ ಸ್ಯಾಂಪಲ್ ಕೊಟ್ಟರೆ ಅವರೇ ಬೇರೆ ಕಡೆ ಕಳಿಸಿ ಮಾಡಿಸುತ್ತಾರೆ.

ಅಪ್ಪನಿಗೂ ಅದನ್ನೇ ಮಾಡಿಸಿದೆವು. ಬೆಳಿಗ್ಗೆ ಡಬ್ಬಿ ಕೊಟ್ಟು ಬಂದೆವು. ಹಣ ತೆಗೆದುಕೊಂಡರು, ಹೆಸರು ಬರೆದುಕೊಂಡರು. ನೆಗೆಟಿವ್ ಬಂತು. ಹಾಗಾದರೆ ಬ್ಯಾಕ್ಟೀರಿಯಾ ಇಲ್ಲ ಅಂತ ಒಂದು ವರ್ಷ ನೆಮ್ಮದಿಯಾಗಿದ್ದೆವು. ಆಮೇಲೆ ಇನ್ನೊಬ್ಬ ಡಾಕ್ಟರ್ ಆ ರಿಪೋರ್ಟ್ ನೋಡಿ ಒಂದೇ ಪ್ರಶ್ನೆ ಕೇಳಿದರು. "ಟೆಸ್ಟ್ ಮಾಡಿಸುವಾಗ ಪ್ಯಾಂಟೊಪ್ರಜೋಲ್ ನಿಲ್ಲಿಸಿದ್ರಾ?" ಇಲ್ಲ. ಬರೆದುಕೊಟ್ಟವರೂ ಹೇಳಿರಲಿಲ್ಲ, ಸ್ಯಾಂಪಲ್ ತೆಗೆದುಕೊಂಡವರೂ ಕೇಳಿರಲಿಲ್ಲ. ಆ ಒಂದು ಮಾತು ಸಿಕ್ಕಿದ್ದರೆ ಅಪ್ಪನಿಗೆ ಒಂದು ವರ್ಷದ ನೋವು ತಪ್ಪುತ್ತಿತ್ತು. ಅದಕ್ಕೇ ಇಷ್ಟು ಒತ್ತಿ ಬರೆಯುತ್ತಿದ್ದೇನೆ.

ಈ ಮಾತ್ರೆ ಹೊಟ್ಟೆಯಲ್ಲಿದ್ದಾಗ ಪೈಲೋರಿ ಸಂಖ್ಯೆಯಲ್ಲಿ ಕುಗ್ಗುತ್ತದೆ, ಸಾಯುವುದಿಲ್ಲ. ಟೆಸ್ಟಿಗೆ ಸಿಗುವುದಿಲ್ಲ. ಹಾಗಾಗಿ ಮಲದ್ದಿರಲಿ, ಉಸಿರಿನದ್ದಿರಲಿ, ಟೆಸ್ಟಿಗೆ ಎರಡು ವಾರ ಮುಂಚೆ ಪ್ಯಾಂಟೊಪ್ರಜೋಲ್ ಜಾತಿಯ ಮಾತ್ರೆ, ನಾಲ್ಕು ವಾರ ಮುಂಚೆ ಆಂಟಿಬಯೋಟಿಕ್ ಮತ್ತು ಬಿಸ್ಮತ್ (ಪೈಲೋರಿ ಚಿಕಿತ್ಸೆಯಲ್ಲಿ ಕೊಡುವ ಇನ್ನೊಂದು ಔಷಧಿ) ನಿಂತಿರಬೇಕು. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಜೊತೆ ಜಠರ ಕಾಯಲು ಇದನ್ನು ನುಂಗುತ್ತಿರುವವರು ಮಾತ್ರ ತಾವಾಗಿ ನಿಲ್ಲಿಸಬಾರದು, ಕೇಳಿ ನಿಲ್ಲಿಸಬೇಕು. ಇನ್ನೂ ಮಾತ್ರೆ ಶುರುವೇ ಮಾಡದವರು ಅದೃಷ್ಟವಂತರು. ಮೊದಲು ಟೆಸ್ಟ್ ಕೊಟ್ಟು ಅವತ್ತು ಸಂಜೆಯಿಂದ ಮಾತ್ರೆ ಶುರು ಮಾಡಬಹುದು.

ಪಾಸಿಟಿವ್ ಬಂದರೆ ಸಾಮಾನ್ಯವಾಗಿ 14 ದಿನದ ಕೋರ್ಸ್, ಮೂರು ನಾಲ್ಕು ಬಗೆಯ ಮಾತ್ರೆ. ಬಾಯಿ ಕಬ್ಬಿಣ ನೆಕ್ಕಿದ ಹಾಗೆ, ಹೊಟ್ಟೆ ತೊಳಸು, ಬಿಸ್ಮತ್ ಇದ್ದರೆ ನಾಲಿಗೆ ಮಲ ಎರಡೂ ಕಪ್ಪು. ಮೆಟ್ರೊನಿಡಜೋಲ್ ಇದ್ದರೆ ಮದ್ಯ ಮುಟ್ಟಬಾರದು. ಆರನೇ ದಿನ ಸಾಕಪ್ಪ ಅನಿಸುತ್ತದೆ. ನಿಲ್ಲಿಸಬೇಡಿ. ನಮ್ಮ ದೇಶದಲ್ಲಿ ಈ ಬ್ಯಾಕ್ಟೀರಿಯಾ ಕ್ಲಾರಿಥ್ರೊಮೈಸಿನ್, ಮೆಟ್ರೊನಿಡಜೋಲ್ ಅನ್ನುವ ಎರಡು ಆಂಟಿಬಯೋಟಿಕ್‌ಗೂ ಬಗ್ಗದಿರುವುದು ಜಾಸ್ತಿ. ಅರ್ಧ ಕೋರ್ಸ್ ನುಂಗಿದರೆ ಮುಂದಿನ ಸಲ ಇನ್ನೂ ಕಷ್ಟ. ಮುಗಿದ ಮೇಲೆ ಕನಿಷ್ಠ ನಾಲ್ಕು ವಾರ ಬಿಟ್ಟು ಹೋಯಿತಾ ಅಂತ ಇನ್ನೊಮ್ಮೆ ಟೆಸ್ಟ್. ಇದನ್ನು ಹೆಚ್ಚಿನವರು ಮಾಡಿಸುವುದೇ ಇಲ್ಲ.

ಎಂಡೋಸ್ಕೋಪಿ: ಕಣ್ಣಾರೆ ನೋಡುವುದು

ಭಯ ಇದಕ್ಕೇ ಜಾಸ್ತಿ. ಅಪ್ಪನಿಗೆ ಆಗ 58. ಇನ್ನೊಮ್ಮೆ ಮಲದ ಟೆಸ್ಟ್ ಬೇಡ, ಮಾತ್ರೆ ಎರಡು ವಾರ ನಿಲ್ಲಿಸಿ ನೇರ ನೋಡಿಬಿಡೋಣ ಅಂದರು ಆ ಡಾಕ್ಟರ್. ಹಿಂದಿನ ರಾತ್ರಿಯಿಂದ ಉಪವಾಸ. ಸಾಮಾನ್ಯವಾಗಿ ಆರರಿಂದ ಎಂಟು ಗಂಟೆ ಹೊಟ್ಟೆ ಖಾಲಿ ಇರಬೇಕು. ಗಂಟಲಿಗೆ ಕಹಿ ಸ್ಪ್ರೇ ಹೊಡೆದರು, ನುಂಗು ಅಂದರು, ನಾಲಿಗೆ ದಪ್ಪಗಾದ ಹಾಗಾಯಿತಂತೆ. ಎಡಮಗ್ಗುಲಿಗೆ ಮಲಗಿಸಿ ಹಲ್ಲಿನ ನಡುವೆ ಪ್ಲಾಸ್ಟಿಕ್ ಬಳೆ ಇಟ್ಟರು. ಕಿರುಬೆರಳಿನ ದಪ್ಪದ ಕಪ್ಪು ಕೊಳವೆ ಒಳಗೆ ಹೋಗುವಾಗ ಒಂದೆರಡು ಸಲ ಓಕರಿಕೆ ಬಂತು, ಜೊಲ್ಲು ಟವೆಲ್ ಮೇಲೆ ಸುರಿಯಿತು. ಉಸಿರಾಟಕ್ಕೆ ಏನೂ ಆಗುವುದಿಲ್ಲ, ಅದು ಬೇರೆ ದಾರಿ. ನನ್ನನ್ನು ಬಾಗಿಲ ಹತ್ತಿರ ನಿಲ್ಲಲು ಬಿಟ್ಟಿದ್ದರು. ಪರದೆಯ ಮೇಲೆ ನಸುಗೆಂಪು ಗೋಡೆ, ಸಣ್ಣ ಕರುಳು ಶುರುವಾಗುವಲ್ಲಿ ಬಿಳಿ ತಳದ ಒಂದು ಗುಳಿ. ಅದೇ ಹುಣ್ಣು. ಸಾಸಿವೆ ಕಾಳಿನಷ್ಟು ತುಣುಕು ಚಿವುಟಿ ತೆಗೆದರು, ಅಪ್ಪನಿಗೆ ಅದು ಗೊತ್ತೇ ಆಗಲಿಲ್ಲ. ಆ ತುಣುಕನ್ನು ಹಳದಿ ಜೆಲ್ ಇರುವ ಪುಟ್ಟ ಪಟ್ಟಿಯಲ್ಲಿ ಇಟ್ಟರು. ಪೈಲೋರಿ ಇದ್ದರೆ ಅದು ಯೂರಿಯಾ ಒಡೆದು ಅಮೋನಿಯಾ ಮಾಡುತ್ತದೆ, ಜೆಲ್ಲಿನ ಬಣ್ಣ ತಿರುಗುತ್ತದೆ. ಅಪ್ಪ ಬಾಯಿ ಒರೆಸಿಕೊಂಡು ಶರ್ಟಿನ ಗುಂಡಿ ಹಾಕಿಕೊಳ್ಳುವಷ್ಟರಲ್ಲಿ ಹಳದಿಯ ಅಂಚು ಗುಲಾಬಿಯಾಗಿತ್ತು. ಕೊಳವೆ ಒಳಗಿದ್ದದ್ದು ಹತ್ತು ನಿಮಿಷವೂ ಇಲ್ಲ.

ಇದರ ಲಾಭ ಸ್ಪಷ್ಟ. ಹುಣ್ಣು, ಗಾಯ, ಗಡ್ಡೆ ಕಣ್ಣಿಗೆ ಕಾಣುತ್ತದೆ, ತುಣುಕು ಸಿಗುತ್ತದೆ, ರಕ್ತ ಸೋರುತ್ತಿದ್ದರೆ ಅಲ್ಲೇ ನಿಲ್ಲಿಸಬಹುದು. ನಷ್ಟ ಏನು? ಖಾಸಗಿಯಲ್ಲಿ ಕೆಲವು ಸಾವಿರ ರೂಪಾಯಿ, ಅರ್ಧ ದಿನದ ರಜೆ. ಮಂಪರು ಇಂಜೆಕ್ಷನ್ ತೆಗೆದುಕೊಂಡರೆ ಜೊತೆಗೊಬ್ಬರು ಬೇಕು, ಅವತ್ತು ಗಾಡಿ ಓಡಿಸುವ ಹಾಗಿಲ್ಲ. ಬರೀ ಸ್ಪ್ರೇಯಲ್ಲಿ ಮಾಡಿಸಿಕೊಂಡರೆ ಖರ್ಚು ಕಡಿಮೆ, ಅರ್ಧ ಗಂಟೆ ಕೂತು ಎದ್ದು ಹೋಗಬಹುದು. ಗಟ್ಟಿ ಮನಸ್ಸಿನವರಿಗೆ ಅದೇ ಸಾಕು. ತುಂಬಾ ಹೆದರುವವರು ಮಂಪರು ಕೇಳಿ ಪಡೆಯಲಿ, ಅದರಲ್ಲಿ ಸಂಕೋಚವಿಲ್ಲ. ರಕ್ತ ತೆಳು ಮಾಡುವ ಮಾತ್ರೆ ನುಂಗುವವರು ಮೊದಲೇ ಹೇಳಬೇಕು.

ಹಣದ ಚಿಂತೆ ಇರುವವರು ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಕೇಳಿ ನೋಡಿ. ಬಿಪಿಎಲ್ ಕಾರ್ಡ್ ತೆಗೆದುಕೊಂಡು ಹೋಗಿ, ಖರ್ಚು ಬಹಳ ಇಳಿಯುತ್ತದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಹೊಟ್ಟೆ, ಕರುಳು, ಲಿವರ್‌ಗೆಂದೇ ಸರ್ಕಾರಿ ಗ್ಯಾಸ್ಟ್ರೋಎಂಟರಾಲಜಿ ಸಂಸ್ಥೆ ಇದೆ. ಅಲ್ಲಿ ಕಾಯಬೇಕಾಗುತ್ತದೆ. ಖಾಸಗಿಯಲ್ಲಿ ಹಣ, ಸರ್ಕಾರಿಯಲ್ಲಿ ಸಮಯ. ಅಪಾಯದ ಲಕ್ಷಣ ಇದ್ದವರು ಮಾತ್ರ ಯಾವ ಸಾಲಿನಲ್ಲೂ ಸುಮ್ಮನೆ ಕಾಯಬೇಡಿ, ಒಪಿಡಿಯಲ್ಲಿ ಮೊದಲೇ ಬಾಯಿಬಿಟ್ಟು ಹೇಳಿ.

ಒಂದು ಮಾತು. ಎಂಡೋಸ್ಕೋಪಿ ಮಾಡಿಸಿಕೊಂಡವರಲ್ಲಿ ಹೆಚ್ಚಿನವರಿಗೆ ನಾರ್ಮಲ್ ಅಂತಲೇ ಬರುತ್ತದೆ. ಹಾಗಂತ ನಿಮ್ಮ ನೋವು ಸುಳ್ಳಲ್ಲ. ಜಠರದ ನರಗಳು ಸೂಕ್ಷ್ಮವಾಗಿದ್ದು, ಚಲನೆ ನಿಧಾನವಿದ್ದು ಬರುವ ಅಜೀರ್ಣ ಅದು. ಅದಕ್ಕೆ ಕೆಲವೊಮ್ಮೆ ಅಮಿಟ್ರಿಪ್ಟಿಲಿನ್‌ನಂಥ ಮಾತ್ರೆ ಸಣ್ಣ ಡೋಸಿನಲ್ಲಿ ಬರೆಯುತ್ತಾರೆ. ಇದು ಖಿನ್ನತೆಯ ಮಾತ್ರೆ ಅಂತ ಅಂಗಡಿಯವರು ಹೇಳಿದರೆ ಗಾಬರಿಯಾಗಬೇಡಿ. ಆ ಡೋಸ್ ಹೊಟ್ಟೆಯ ನರಗಳಿಗೆ.

ಸ್ಕ್ಯಾನ್ ಬಗ್ಗೆ ಎರಡು ಮಾತು

ಹೊಟ್ಟೆ ನೋವು ಅಂದ ಕೂಡಲೇ ಅಲ್ಟ್ರಾಸೌಂಡ್ ಮಾಡಿಸುವವರು ಬಹಳ. ಪಿತ್ತಕೋಶದ ಕಲ್ಲಿಗೆ ಅದೇ ಸರಿಯಾದ ಟೆಸ್ಟ್. ಲಿವರ್, ಕಿಡ್ನಿ ಕಲ್ಲಿಗೂ ಸರಿ. ಆದರೆ ಎದೆಯುರಿ, ಆಮ್ಲ, ಜಠರದ ಹುಣ್ಣು ಅದರಲ್ಲಿ ಕಾಣುವುದಿಲ್ಲ. ಸ್ಕ್ಯಾನ್ ನಾರ್ಮಲ್ ಬಂತು, ಹುಣ್ಣಿಲ್ಲ ಅನ್ನುವ ಲೆಕ್ಕ ತಪ್ಪು. ಮೇಲ್ಹೊಟ್ಟೆಯ ಜೋರು ನೋವು ಬೆನ್ನಿಗೆ ಹರಿದು ವಾಂತಿಯೂ ಇದ್ದರೆ ಮೇದೋಜೀರಕ ಗ್ರಂಥಿಯ ಉರಿಯೂತ ಇರಬಹುದು. ಅಲ್ಲಿ ಸ್ಕ್ಯಾನಿಗಿಂತ ಮೊದಲು ಲೈಪೇಸ್ ಅನ್ನುವ ರಕ್ತ ಟೆಸ್ಟ್, ಅದೂ ಆಸ್ಪತ್ರೆಯಲ್ಲೇ.

ಹಾಗಾದರೆ ನೀವು ಯಾರ ಜಾಗದಲ್ಲಿದ್ದೀರಿ

ಮೂವತ್ತರ ಆಸುಪಾಸು, ರಾತ್ರಿ ಹತ್ತೂವರೆಗೆ ಊಟ, ಹನ್ನೊಂದಕ್ಕೆ ಹಾಸಿಗೆ, ಎದೆಯುರಿ ಮತ್ತು ಹುಳಿತೇಗು ಮಾತ್ರ. ಇವರಿಗೆ ಟೆಸ್ಟಿಗಿಂತ ಮೊದಲು ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರ ಬೇಕು. ಮಂಚದ ತಲೆಕಡೆ ಕಾಲಿನ ಕೆಳಗೆ ಇಟ್ಟಿಗೆ ಇಟ್ಟು 15–20 ಸೆಂಟಿಮೀಟರ್ ಎತ್ತರಿಸಿ. ಬರೀ ದಿಂಬು ಏರಿಸಿದರೆ ಹೊಟ್ಟೆ ಮಡಚಿ ಉರಿ ಜಾಸ್ತಿಯಾಗುತ್ತದೆ. ಎಡಮಗ್ಗುಲಿಗೆ ಮಲಗಿ. ತೂಕ ಹೆಚ್ಚಿದ್ದರೆ ಇಳಿಸಿ. ಸಾಲದಿದ್ದರೆ ಎಂಟು ವಾರ ಪ್ಯಾಂಟೊಪ್ರಜೋಲ್, ತಿಂಡಿಗೆ ಮುಂಚೆ.

ಅದೇ ವಯಸ್ಸು, ಆದರೆ ಉರಿಗಿಂತ ಮೇಲ್ಹೊಟ್ಟೆ ನೋವು ಮುಖ್ಯ, ಎರಡು ಮೂರು ತಿಂಗಳಾಗಿದೆ ಅಂದರೆ ಮಾತ್ರೆ ಶುರು ಮಾಡುವ ಮೊದಲು ಮಲದ ಪೈಲೋರಿ ಟೆಸ್ಟ್. ಬಜೆಟ್ ಕಡಿಮೆ ಇದ್ದರೆ ಎಂಡೋಸ್ಕೋಪಿಗಿಂತ ಇದು ಜಾಣ ಆಯ್ಕೆ.

ಐವತ್ತು ದಾಟಿ ಹೊಸದಾಗಿ ಶುರುವಾದ ತೊಂದರೆ, ಅಥವಾ ಯಾವ ವಯಸ್ಸಿನಲ್ಲೇ ಆಗಲಿ ಮೇಲೆ ಹೇಳಿದ ಅಪಾಯದ ಲಕ್ಷಣ ಇದ್ದರೆ ಎಂಡೋಸ್ಕೋಪಿ. ಇಲ್ಲಿ ಉಳಿತಾಯ ಮಾಡಬಾರದು. ಜೋರು ಮಾತ್ರೆ ನುಂಗಿ ನೋವು ತಗ್ಗಿಸಿಕೊಂಡರೆ, ಒಳಗಿನ ಗಡ್ಡೆಯ ಲಕ್ಷಣವೂ ಕೆಲಕಾಲ ಮುಚ್ಚಿಹೋಗುತ್ತದೆ.

ಮಂಡಿನೋವಿನ ಅಜ್ಜಿಯರಿಗೆ ಬೇರೆಯೇ ಲೆಕ್ಕ. ಮೊದಲು ಡೈಕ್ಲೋಫೆನಾಕ್ ಬಿಟ್ಟು ಪ್ಯಾರಾಸಿಟಮಾಲ್‌ಗೆ ಬರಬಹುದಾ, ಮಂಡಿಗೆ ಹಚ್ಚುವ ಜೆಲ್ ಸಾಕಾ ಕೇಳಿ. ಬಿಡಲಾಗದಿದ್ದರೆ ಪ್ಯಾಂಟೊಪ್ರಜೋಲ್ ಜೊತೆಗಿರಲಿ. ಇಂಥವರಿಗೆ ಅದನ್ನು ದೀರ್ಘಕಾಲ ನುಂಗುವುದು ತಪ್ಪಲ್ಲ, ಬಿಡುವುದೇ ಅಪಾಯ. ಗರ್ಭಿಣಿಯರ ಎದೆಯುರಿಗೆ ಊಟದ ಬದಲಾವಣೆ, ಕ್ಯಾಲ್ಸಿಯಂ ಇರುವ ಆಂಟಾಸಿಡ್ (ಆಮ್ಲ ತಟಸ್ಥ ಮಾಡುವ ಔಷಧಿ) ಮೊದಲು. ಸೋಡಾ ಪುಡಿ ಬೇಡ. ಉಳಿದದ್ದು ಹೆರಿಗೆ ಡಾಕ್ಟರನ್ನು ಕೇಳಿ.

ಮತ್ತೆ ವರ್ಷಗಟ್ಟಲೆ ನುಂಗಿ ಈಗ ಬಿಡಬೇಕು ಅನ್ನುವವರು. ನಿಮಗೆ ಅದನ್ನು ಯಾಕೆ ಶುರು ಮಾಡಿದ್ದರು ಅಂತ ಮೊದಲು ಹಳೇ ಚೀಟಿ ಹುಡುಕಿ. ಹುಣ್ಣಿನಿಂದ ರಕ್ತ ಸೋರಿದ್ದರೆ, ಅನ್ನನಾಳ ಜೋರಾಗಿ ಗಾಯವಾಗಿದ್ದರೆ, ಆಸ್ಪಿರಿನ್ ನಡೆಯುತ್ತಿದ್ದರೆ ಡಾಕ್ಟರನ್ನು ಕೇಳದೆ ಬಿಡಬೇಡಿ. ಅಂಥ ಕಾರಣ ಏನೂ ಇಲ್ಲದಿದ್ದರೆ 40 ಮಿಲಿಗ್ರಾಂ ಅನ್ನು 20ಕ್ಕೆ ಇಳಿಸಿ, ಎರಡು ವಾರದ ಮೇಲೆ ದಿನ ಬಿಟ್ಟು ದಿನ, ಆಮೇಲೆ ನಿಲ್ಲಿಸಿ. ನಡುವೆ ಉರಿ ಬಂದರೆ ಸಿರಪ್ಪೋ ಫ್ಯಾಮೊಟಿಡಿನ್ನೋ ಇಟ್ಟುಕೊಳ್ಳಿ. ಮೊದಲ ಕೆಲವು ವಾರ ಉರಿ ಬರಬಹುದು ಅಂತ ಗೊತ್ತಿದ್ದರೆ ತಡೆದುಕೊಳ್ಳುವುದು ಸುಲಭ. ಮೂರು ತಿಂಗಳಾದರೂ ಹೋಗದಿದ್ದರೆ ಅದು ಬರೀ ಮಾತ್ರೆ ಬಿಟ್ಟದ್ದರಿಂದ ಇರಲಿಕ್ಕಿಲ್ಲ, ಡಾಕ್ಟರಿಗೆ ತೋರಿಸಬೇಕು.

ಅಪ್ಪನ 14 ದಿನದ ಕೋರ್ಸ್ ಮುಗಿದ ಮೇಲೆ, ಹುಣ್ಣು ಒಣಗಲು ಇನ್ನಷ್ಟು ವಾರ ಮಾತ್ರೆ ನುಂಗಿ, ಆಮೇಲೆ ಎರಡು ವಾರ ನಿಲ್ಲಿಸಿ ಮತ್ತೆ ಮಲದ ಟೆಸ್ಟ್ ಕೊಟ್ಟೆವು. ಈ ಸಲ ಡಬ್ಬಿ ಕೊಡುವಾಗ ಕೊನೆಯ ಮಾತ್ರೆ ನುಂಗಿದ ತಾರೀಖನ್ನು ಚೀಟಿಯಲ್ಲಿ ಬರೆದು ಅಪ್ಪನೇ ಅಂಟಿಸಿದ್ದರು. ನೆಗೆಟಿವ್ ಬಂತು. ಆ ಸ್ಟೀಲ್ ಡಬ್ಬಿಯಲ್ಲಿ ಈಗ ಅಮ್ಮ ಲವಂಗ ಇಡುತ್ತಾರೆ.